ನೀರು ನಿಂತ ಹೊತ್ತಿನಲ್ಲಿ

ಬಯಲುಸೀಮೆಯ ಒಂದು ಊರು. ಬೇಸಿಗೆ ಮುಗಿಯುತ್ತಾ ಬಂದಿತ್ತು. ಚರಂಡಿಯ ಬದಿಗೆ ನೀರುಗಂಟಿ ಮೊಣಕಾಲುದ್ದದ ಗುಂಡಿ ತೋಡಿದ್ದ. ಒಳಗೆ ಎರಡಿಂಚಿನ ಪ್ಲಾಸ್ಟಿಕ್ ಕೊಳವೆ, ಅದರ ಕೀಲಿಗೆ ಸುತ್ತಿದ ಹಳೆಯ ಸೈಕಲ್ ಟ್ಯೂಬು, ಟ್ಯೂಬಿನ ಮೇಲೆ ಬಿಗಿದ ತಂತಿ. ಪಕ್ಕದ ಬಚ್ಚಲಿನಿಂದ ಇಳಿದ ಕಪ್ಪು ನೀರು ಗುಂಡಿಯಲ್ಲಿ ತುಂಬಿ ಕೊಳವೆಯನ್ನು ಮುಳುಗಿಸಿತ್ತು. ನಲ್ಲಿಗೆ ನೀರು ಬಿಟ್ಟ ಹೊತ್ತು ಅದು. ಟ್ಯೂಬಿನ ಸಂದಿಯಿಂದ ನೂಲಿನಷ್ಟು ತೆಳ್ಳಗೆ ಒಳ್ಳೆಯ ನೀರು ಚಿಮ್ಮಿ, ಕೊಳಚೆಯ ಮೇಲೆ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತಿತ್ತು. ‘ಹೋಗೋದು ನಮ್ಮ ನೀರು ಸಾರ್, ಒಳಕ್ಕೇನೂ ಬರಲ್ಲ’ ಎಂದ ನೀರುಗಂಟಿ, ಹೊತ್ತಾಯಿತೆಂದು ಗೇಟ್‌ವಾಲ್ವ್ ಕಟ್ಟಲು ಹೋದ.

ನಾನು ಅಲ್ಲೇ ಕುಳಿತಿದ್ದೆ. ಐದಾರು ನಿಮಿಷಕ್ಕೆ ಗುಳ್ಳೆಗಳು ನಿಂತವು. ಕೊಳಚೆಯ ಮೇಲೆ ತೇಲುತ್ತಿದ್ದ ಒಂದು ಬೇವಿನೆಲೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೆಲ್ಲಗೆ ತಿರುಗಿ, ಟ್ಯೂಬು ಸುತ್ತಿದ ಜಾಗದ ಕಡೆಗೆ ಸರಿದು, ಅಲ್ಲಿಗೆ ಅಂಟಿಕೊಂಡು ನಿಂತಿತು. ಗಾಳಿ ಇರಲಿಲ್ಲ. ಕೊಳಚೆ ಕೊಳವೆಯೊಳಗೆ ಇಳಿಯುತ್ತಿತ್ತು.

ಸಣ್ಣ ಊರುಗಳಲ್ಲಿ ಕೊಳಚೆ ಕುಡಿಯುವ ನೀರಿಗೆ ಸೇರಿ ವಾಂತಿಭೇದಿ ಹಬ್ಬಿತು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಎಲೆ ನೆನಪಾಗುತ್ತದೆ. ಅದನ್ನು ನಾವು ದುರಂತ, ಅವಘಡ ಎಂದು ಕರೆಯುತ್ತೇವೆ. ಆದರೆ ಅವಘಡಕ್ಕೆ ಇಷ್ಟು ಕಟ್ಟುನಿಟ್ಟಾದ ವೇಳಾಪಟ್ಟಿ ಇರುವುದಿಲ್ಲ.

ಒತ್ತಡದ ಲೆಕ್ಕ ಸರಳ. ಹತ್ತು ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ನೀರು, ಕೊಳವೆಯ ಒಳಗೋಡೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋ ತೂಕದಷ್ಟು ಭಾರ ಹಾಕುತ್ತದೆ. ಆ ಭಾರ ಇರುವಷ್ಟು ಹೊತ್ತು ಎಷ್ಟೇ ಬಿರುಕಿದ್ದರೂ ಹರಿವು ಒಳಗಿನಿಂದ ಹೊರಕ್ಕೆ. ವಾಲ್ವ್ ಕಟ್ಟಿದ ಮೇಲೆ ಕೊಳವೆಯಲ್ಲಿ ಉಳಿದ ನೀರು ತಗ್ಗಿನ ಮನೆಗಳ ನಲ್ಲಿಗಳಿಂದ ಖಾಲಿಯಾಗುತ್ತದೆ. ಅದು ಇಳಿಯುತ್ತಾ ಹೋದಂತೆ ಅದರ ಹಿಂದೆ, ದಿಬ್ಬದ ಕಡೆಯ ಕೊಳವೆಯಲ್ಲಿ ನಿರ್ವಾತ ಹುಟ್ಟುತ್ತದೆ. ಅಂದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗಿನದು ಕಡಿಮೆಯಾಗುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾ ಕೆಲಸ ಮಾಡುವುದೂ ಹೀಗೆಯೇ. ಈಗ ಅದೇ ಬಿರುಕಿನಲ್ಲಿ ಹರಿವು ಹೊರಗಿನಿಂದ ಒಳಕ್ಕೆ. ಇದರ ಮೇಲೆ ಇನ್ನೊಂದು ಸಂಗತಿ: ನೀರು ಸಣ್ಣಗೆ ಬರುತ್ತದೆಂದು ನಲ್ಲಿಗೇ ನೇರವಾಗಿ ಮೋಟಾರು ಹಚ್ಚಿ ಎಳೆಯುವ ಮನೆಗಳು ಈಗ ಪ್ರತಿ ಬೀದಿಯಲ್ಲೂ ಇವೆ. ಮೋಟಾರು ನೀರನ್ನು ಮಾತ್ರ ಎಳೆಯುವುದಿಲ್ಲ, ಕೊಳವೆಯ ಸುತ್ತ ಏನಿದೆಯೋ ಅದನ್ನೂ ಎಳೆಯುತ್ತದೆ. ಅದನ್ನು ಹಚ್ಚಿದ ಮನೆಯವರಿಗಿಂತ, ಅದೇ ಸಾಲಿನಲ್ಲಿ ಕೊಡ ಹಿಡಿದು ಕಾಯುವವರಿಗೆ ಇದರ ಫಲ ಹೆಚ್ಚಾಗಿ ಸಿಗುವುದುಂಟು.

ದಿನಕ್ಕೆ ಒಂದು ಗಂಟೆ ನೀರು ಬಿಡುವ ಊರಿನಲ್ಲಿ ಕೊಳವೆ 23 ಗಂಟೆ ಒತ್ತಡವಿಲ್ಲದೆ ಮಲಗಿರುತ್ತದೆ. ಮೂರು ದಿನಕ್ಕೊಮ್ಮೆ ಬಿಡುವಲ್ಲಿ 71 ಗಂಟೆ. ಅಷ್ಟು ಹೊತ್ತೂ ಚರಂಡಿಯ ತಳದಲ್ಲಿ ಅದು ಹೀರುವ ಸ್ಥಿತಿಯಲ್ಲೇ ಇರುತ್ತದೆ.

ಒಂದು ಚೂರು ಕೊಳಚೆ ಸೇರಿದರೆ ಅಷ್ಟೊಂದು ನೀರಿನಲ್ಲಿ ಕರಗಿ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಮನುಷ್ಯರ ಮತ್ತು ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಇ-ಕೊಲೈ ಎಂಬ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯಗಳು ಮಲದ ಸುಳಿವುಗಾರನಾಗಿ ಬಳಸುತ್ತವೆ. ಅದು ಸಿಕ್ಕರೆ ಮಲ ಸೇರಿದೆ ಎಂದರ್ಥ. ಮಲದಲ್ಲಿ ಬರುವ ಉಳಿದವೂ ಜೊತೆಗಿರಬಹುದು. ಹಸಿ ಕೊಳಚೆಯ ಒಂದು ಮಿಲಿಲೀಟರಿನಲ್ಲಿ ಈ ಜೀವಿಗಳು ಲಕ್ಷದ ಲೆಕ್ಕದಲ್ಲಿರುವುದು ಸಾಮಾನ್ಯ. ಲಕ್ಷವೆಂದೇ ಹಿಡಿಯೋಣ. ಒಂದು ಲೀಟರ್ ಕೊಳಚೆಯಲ್ಲಿ ಹತ್ತು ಕೋಟಿ ಆಯಿತು. ಅದನ್ನು 50,000 ಲೀಟರಿನ ಊರ ಟ್ಯಾಂಕಿಗೆ ಸುರಿದು ಚೆನ್ನಾಗಿ ಕಲಕಿದರೆ, ಪ್ರತಿ 100 ಮಿಲಿಲೀಟರಿಗೆ, ಅಂದರೆ ಅರ್ಧ ಲೋಟಕ್ಕೆ, 200 ಇ-ಕೊಲೈ ಉಳಿಯುತ್ತವೆ. ಭಾರತೀಯ ಮಾನಕ ಐಎಸ್ 10500 ಅದೇ 100 ಮಿಲಿಲೀಟರಿನಲ್ಲಿ ಒಂದೂ ಇರಕೂಡದು ಎನ್ನುತ್ತದೆ. ಟ್ಯಾಂಕಿನ ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿರುತ್ತದೆ. ವಾಸನೆಯೂ ಇರುವುದಿಲ್ಲ. ಐವತ್ತು ಸಾವಿರದಲ್ಲಿ ಒಂದು ಪಾಲನ್ನು ಪತ್ತೆ ಹಚ್ಚುವ ಮೂಗು ನಮಗಿಲ್ಲ.

ಹಾಗಿದ್ದರೆ ಕ್ಲೋರಿನ್ ಏತಕ್ಕಿದೆ? ಇದ್ದರೆ ಸಾಲದು, ಉಳಿಯಬೇಕು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ. ದಾರಿಯಲ್ಲಿ ನುಸುಳುವ ರೋಗಾಣುಗಳಿಗೆ ಇದು ಕಾವಲುಗಾರ. ಆದರೆ ಕೊಳಚೆ ರೋಗಾಣುವನ್ನಷ್ಟೇ ತರುವುದಿಲ್ಲ, ಮೂತ್ರದಿಂದ ಬಂದ ಅಮೋನಿಯವನ್ನೂ ತರುತ್ತದೆ. ಅಮೋನಿಯದ ಒಂದು ಪಾಲು ನೈಟ್ರೋಜನ್ ಸುಮಾರು ಏಳೂವರೆ ಪಾಲು ಕ್ಲೋರಿನ್ನನ್ನು ನುಂಗುತ್ತದೆ. ಸಾಧಾರಣ ಕೊಳಚೆಯಲ್ಲಿ ಲೀಟರಿಗೆ 30 ಮಿಲಿಗ್ರಾಂ ಅಮೋನಿಯ ನೈಟ್ರೋಜನ್ ಇದ್ದು, ಬಿರುಕಿನ ಬಳಿ ಐವತ್ತಕ್ಕೆ ಒಂದರಂತೆ ಸೇರಿತೆನ್ನಿ. ಅದನ್ನು ತಣಿಸಲು ಪ್ರತಿ ಲೀಟರಿಗೆ ನಾಲ್ಕೂವರೆ ಮಿಲಿಗ್ರಾಂ ಕ್ಲೋರಿನ್ ಬೇಕು. ಕಾವಲಿಗಿರುವುದು 0.2. ಕಾವಲುಗಾರ ಬಾಗಿಲಲ್ಲೇ ಬೀಳುತ್ತಾನೆ.

ಇದರಲ್ಲಿ ಒಂದು ಮೋಸವೂ ಇದೆ. ಅಮೋನಿಯದೊಡನೆ ಕೂಡಿದ ಕ್ಲೋರಿನ್, ಕ್ಲೋರಮಿನ್ ಎಂಬ ಸಂಯುಕ್ತವಾಗುತ್ತದೆ. ಇದಕ್ಕೂ ಔಷಧಿಯ ವಾಸನೆ ಇದೆ, ಕೊಲ್ಲುವ ಶಕ್ತಿ ಮಾತ್ರ ಬಹಳ ಕಡಿಮೆ. ನೀರಿಗೆ ಹನಿ ಹಾಕಿ ಹಳದಿ ಬಣ್ಣ ನೋಡುವ ಹಳೆಯ ಓಟಿ ಪರೀಕ್ಷೆಯಲ್ಲಿ ಮುಕ್ತ ಕ್ಲೋರಿನ್ ತಟ್ಟನೆ ಹಳದಿ ತೋರಿಸಿದರೆ, ಕ್ಲೋರಮಿನ್ ನಿಧಾನವಾಗಿ ತೋರಿಸುತ್ತದೆ. ಹನಿ ಹಾಕಿ, ಯಾರೊಡನೆಯೋ ಮಾತಾಡಿ, ಎರಡು ನಿಮಿಷ ಬಿಟ್ಟು ಬಣ್ಣ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಅವರು ಸುಳ್ಳು ಬರೆದಿರುವುದಿಲ್ಲ. ಶೀಷೆಯಲ್ಲಿ ಕಂಡದ್ದನ್ನೇ ಬರೆದಿರುತ್ತಾರೆ.

ಈ ಪ್ರಕ್ರಿಯೆ ಒಂದು ಊರಿಗೆ ಏನು ಮಾಡುತ್ತದೆಂದು ಅಳೆದು ನೋಡಿದ ಉದಾಹರಣೆಗಳು ವಿರಳ. ಚೆನ್ನಾಗಿ ಅಳೆದದ್ದು ಫಿನ್‌ಲ್ಯಾಂಡಿನ ನೋಕಿಯಾದಲ್ಲಿ. ಮೊಬೈಲ್ ಕಂಪನಿಗೆ ಹೆಸರು ಕೊಟ್ಟ ಊರೇ ಅದು, ಜನಸಂಖ್ಯೆ ಸುಮಾರು 30,000. 2007ರ ನವೆಂಬರ್ ಕೊನೆಯಲ್ಲಿ ಅಲ್ಲಿನ ತ್ಯಾಜ್ಯನೀರು ಘಟಕದಲ್ಲಿ ದುರಸ್ತಿ ನಡೆಯುವಾಗ ಒಂದು ವಾಲ್ವ್ ತೆರೆದುಕೊಂಡಿತು. ಇರಬಾರದಾಗಿದ್ದ ಒಂದು ಅಡ್ಡಜೋಡಣೆಯ ಮೂಲಕ, ಸಂಸ್ಕರಿಸಿದ ಕೊಳಚೆನೀರು ಕುಡಿಯುವ ನೀರಿನ ಜಾಲಕ್ಕೆ ಹರಿಯಿತು. ಅದು ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದಿತ್ತು, ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ಒಳಗೆ ಸೇರಿತ್ತು. ಸಂಸ್ಕರಿಸಿದ ಕೊಳಚೆ ಎಂಬುದನ್ನು ಗಮನಿಸಿ. ನಮ್ಮ ಚರಂಡಿಯದು ಅದೂ ಅಲ್ಲ.

ಆ ಊರಿನವರು ಆಮೇಲೆ ಮಾಡಿದ ಕೆಲಸ ನನಗೆ ಮುಖ್ಯ. ಆಸ್ಪತ್ರೆಯ ಪಟ್ಟಿಯನ್ನಷ್ಟೇ ನಂಬದೆ, ಸಂಶೋಧಕರು ಮೂರು ಕಡೆ ಪ್ರಶ್ನಾವಳಿ ಕಳಿಸಿದರು: ಕಲುಷಿತ ನೀರು ಹೋದ ಬಡಾವಣೆಗಳಿಗೆ, ಅದೇ ಊರಿನ ಉಳಿದ ಭಾಗಕ್ಕೆ, ಮತ್ತು ಹೋಲಿಕೆಗಾಗಿ ಬೇರೊಂದು ಊರಿಗೆ. ವೈದ್ಯರ ಬಳಿ ಹೋದವರು 1,222. ನಿಜವಾಗಿ ಕಾಯಿಲೆ ಬಿದ್ದವರು ಅಂದಾಜು 8,453. ಕಲುಷಿತ ಭಾಗದಲ್ಲಿ ಶೇಕಡಾ 53 ಮಂದಿಗೆ ಹೊಟ್ಟೆ ಕೆಟ್ಟಿತ್ತು. ಹೋಲಿಕೆಯ ಊರಿನಲ್ಲಿ ಅದೇ ದಿನಗಳಲ್ಲಿ ಶೇ 6.5. ಕಲುಷಿತ ನೀರು ಹೋಗಿರದ ಬಡಾವಣೆಗಳಲ್ಲೂ ಶೇ 15.6 ಇತ್ತು. ಆ ಮನೆಗಳವರೂ ಊರೊಳಗೆ ಓಡಾಡುತ್ತಾರೆ, ಕೆಲಸದ ಕಡೆ ನೀರು ಕುಡಿಯುತ್ತಾರೆ. ಕಾಯಿಲೆ ಕೈಯಿಂದ ಕೈಗೂ ದಾಟುತ್ತದೆ. ರೋಗಿಗಳಲ್ಲಿ ಏಳು ಬಗೆಯ ರೋಗಾಣುಗಳು ಸಿಕ್ಕವು. ಊರ ಚರಂಡಿಯೆಂದರೆ ಊರವರೆಲ್ಲರ ಕರುಳಿನ ಮೊತ್ತ, ಅದು ಒಂದೇ ಕಾಯಿಲೆಯನ್ನು ಹೊತ್ತು ಬರುವುದಿಲ್ಲ. ನೀರು ಕುದಿಸಿಯೇ ಕುಡಿಯಿರಿ ಎಂಬ ಸೂಚನೆ ಎಲ್ಲ ಕಡೆಯಿಂದ ತೆಗೆದದ್ದು 2008ರ ಫೆಬ್ರುವರಿಯಲ್ಲಿ. ಎರಡು ದಿನದ ತಪ್ಪು, ಎರಡೂವರೆ ತಿಂಗಳ ತೊಳೆತ.

ಏಳಕ್ಕೆ ಒಂದು. ಎಲ್ಲರಿಗೂ ವೈದ್ಯರು ಕೈಗೆಟಕುವ ದೇಶದಲ್ಲೇ ಪಟ್ಟಿಗೆ ಸೇರಿದವರ ಪ್ರಮಾಣ ಇಷ್ಟು. ನಮ್ಮಲ್ಲಿ ‘40 ಮಂದಿ ಅಸ್ವಸ್ಥ’ ಎಂದು ಪತ್ರಿಕೆಯಲ್ಲಿ ಬಂದಾಗ ಆ ಸಂಖ್ಯೆಯನ್ನು ಹೇಗೆ ಓದಬೇಕು ಎಂಬುದಕ್ಕೆ ಇದೊಂದು ಸೂಚನೆ.

2022ರ ಮೇ ಕೊನೆಯಲ್ಲಿ ರಾಯಚೂರು ನಗರ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. 2024ರ ಮೇ ತಿಂಗಳಲ್ಲಿ ಮೈಸೂರಿನ ಮಗ್ಗುಲಿನ ಕೆ. ಸಾಲುಂಡಿ. ಮೂರೂ ಕಡೆ ಕಲುಷಿತ ನೀರು ಕುಡಿದು ಜೀವಗಳು ಹೋದವು. ಕವಾಡಿಗರಹಟ್ಟಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಟ್ಯಾಂಕಿಗೆ ವಿಷ ಬೆರೆಸಿದ್ದಾರೆಂಬ ಅನುಮಾನ ಮೊದಲು ಹಬ್ಬಿ, ಆಮೇಲೆ ರೋಗಿಗಳ ಮಾದರಿಗಳಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಿಕ್ಕ ವರದಿ ಬಂತು. ಸಾಲುಂಡಿಯವರ ದೂರು ಇನ್ನೊಂದು ಬಗೆಯದು: ಸುತ್ತ ಎದ್ದ ಬಡಾವಣೆಗಳ ಒಳಚರಂಡಿ ನೀರು ತಮ್ಮ ಕೆರೆಗೆ ಹರಿದು, ಅಲ್ಲಿಂದ ಕುಡಿಯುವ ನೀರಿಗೆ ಸೇರುತ್ತಿದೆ ಎಂಬುದು. ನಗರ ತನ್ನ ಮಲವನ್ನು ತಗ್ಗಿನ ಹಳ್ಳಿಗೆ ಕಳಿಸುವುದು ಮೈಸೂರೊಂದರ ಕಥೆಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯ ಪ್ರಕಾರ ದೇಶದ ಪಟ್ಟಣಗಳಲ್ಲಿ ದಿನಕ್ಕೆ 7,236 ಕೋಟಿ ಲೀಟರ್ ಕೊಳಚೆ ಹುಟ್ಟುತ್ತದೆ, ಸಂಸ್ಕರಣೆಯಾಗುವುದು 2,023 ಕೋಟಿ ಲೀಟರ್. ಉಳಿದದ್ದು ಇಳಿಜಾರು ಹುಡುಕಿಕೊಂಡು ಹೋಗುತ್ತದೆ.

ತಿಂಗಳುಗಳನ್ನು ನೋಡಿ. ಮೇ, ಆಗಸ್ಟ್ ಮೊದಲ ವಾರ, ಮತ್ತೆ ಮೇ. ಬೇಸಿಗೆಯ ಕೊನೆಗೆ ಕೊಳವೆಬಾವಿಯ ನೀರು ತಗ್ಗಿ, ಸರಬರಾಜಿನ ಅಂತರ ಹಿಗ್ಗುತ್ತದೆ. ಕೊಳವೆ ಹೆಚ್ಚು ಹೊತ್ತು ಖಾಲಿ ಬಿದ್ದಿರುತ್ತದೆ. ಅಷ್ಟರಲ್ಲಿ ಮೊದಲ ಮಳೆ ಬಂದು, ತಿಂಗಳುಗಟ್ಟಲೆ ಒಣಗಿ ಕೂತ ಚರಂಡಿಯ ಹೊಲಸನ್ನೆಲ್ಲ ಎಬ್ಬಿಸಿ ಕೊಳವೆಯ ಮೇಲೆ ನಿಲ್ಲಿಸುತ್ತದೆ. ಒಳಗೆ ಹೀರುವ ಶಕ್ತಿ ಅತಿ ಹೆಚ್ಚಿರುವ ವಾರಗಳಲ್ಲೇ ಹೊರಗೆ ಹೀರಲು ಸಿಗುವುದೂ ಅತಿ ಹೆಚ್ಚು. ಅವಘಡಕ್ಕೆ ವೇಳಾಪಟ್ಟಿ ಎಂದು ನಾನು ಹೇಳಿದ್ದು ಇದನ್ನೇ.

ಇನ್ನು, ಊರಿನಲ್ಲಿ ಹತ್ತು ಮಂದಿಗೆ ವಾಂತಿ ಶುರುವಾಯಿತೆಂದು ಸುದ್ದಿ ಬಂದ ಮೇಲೆ ನಡೆಯುವುದೇನು? ಮೊದಲ ಕೆಲಸ ಪ್ರತಿ ಬಾರಿಯೂ ಒಂದೇ: ಯಾರಾದರೊಬ್ಬರು ಟ್ಯಾಂಕ್ ಹತ್ತಿ ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಚರಂಡಿಯ ಅಂಚಿಗೂ ಬಿಳಿ ಗೆರೆ ಎಳೆಯುತ್ತಾರೆ. ಮೇಲಿನವರು ಬರುವ ಹೊತ್ತಿಗೆ ಊರು ಬೆಳ್ಳಗಿರಬೇಕು. ಆಮೇಲೆ ನೀರಿನ ಮಾದರಿ ತೆಗೆಯುವವರು ಬರುತ್ತಾರೆ. ಎರಡು ದಿನಕ್ಕೆ ವರದಿ: ನೀರು ಕುಡಿಯಲು ಯೋಗ್ಯ. ಊರವರು ಇದನ್ನು ಪಿತೂರಿ ಎನ್ನುತ್ತಾರೆ. ಪಿತೂರಿ ಬೇಕಿಲ್ಲ, ಕ್ಲೋರಿನ್ ಸುರಿದ ನೀರಿನಲ್ಲಿ ಬ್ಯಾಕ್ಟೀರಿಯಾ ಸಿಗದಿರುವುದೇ ಸಹಜ. ಕೊಂದ ಮೇಲೆ ಎಣಿಸಲು ಹೋದರೆ ಲೆಕ್ಕ ಸೊನ್ನೆಯೇ ಬರಬೇಕು. ಎಲ್ಲಿ ಸೇರಿತು, ಯಾವಾಗಿನಿಂದ ಸೇರುತ್ತಿತ್ತು ಎಂಬುದಕ್ಕೆ ನೀರಿನಲ್ಲಿದ್ದ ಸಾಕ್ಷಿಯೂ ಆ ಪುಡಿಯ ಜೊತೆ ಹೋಯಿತು. ನೀರುಗಂಟಿ ಅಮಾನತಾಗುತ್ತಾನೆ, ಕಣ್ಣಿಗೆ ಕಂಡ ಒಂದು ಕೀಲಿಗೆ ಹೊಸ ಟ್ಯೂಬು ಸುತ್ತುತ್ತಾರೆ, ಮುಂದಿನ ಮೇ ಬರುತ್ತದೆ.

ಕ್ಲೋರಿನ್ ಹಾಕುವುದನ್ನು ತಡಮಾಡಿ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಮೊದಲು ಹತ್ತು ನಿಮಿಷ ಕೊಡಿ ಎನ್ನುತ್ತಿದ್ದೇನೆ. ಆ ಹತ್ತು ನಿಮಿಷದಲ್ಲಿ ನಾಲ್ಕು ಕಡೆಯ ನೀರು ಹಿಡಿಯಬಹುದು: ಕೊಳವೆಬಾವಿಯ ಬಾಯಲ್ಲಿ, ಟ್ಯಾಂಕಿನಲ್ಲಿ, ಟ್ಯಾಂಕಿನ ಹತ್ತಿರದ ಮನೆಯಲ್ಲಿ, ಕೊನೆಯ ಮನೆಯಲ್ಲಿ. ನಾಲ್ಕೂ ಕೆಟ್ಟಿದ್ದರೆ ತಪ್ಪು ಬಾವಿಯಲ್ಲಿದೆ. ಬಾವಿ ಚೆನ್ನಾಗಿದ್ದು ಟ್ಯಾಂಕಿನಿಂದ ಮುಂದೆ ಕೆಟ್ಟಿದ್ದರೆ ಟ್ಯಾಂಕಿನಲ್ಲಿದೆ. ಮೊದಲ ಮೂರು ಚೆನ್ನಾಗಿದ್ದು ಕೊನೆಯ ಮನೆಯದು ಮಾತ್ರ ಕೆಟ್ಟಿದ್ದರೆ ನಡುವಿನ ಕೊಳವೆಯಲ್ಲಿ ಬಿರುಕಿದೆ. ಊರನ್ನೆಲ್ಲ ಅಗೆಯುವ ಬದಲು ಒಂದು ಬೀದಿ ಅಗೆದರೆ ಸಾಕು. ಮಾದರಿ ಹಿಡಿಯುವ ಶೀಷೆ ಕ್ರಿಮಿಶುದ್ಧವಾಗಿರಬೇಕು, ಅದರೊಳಗೆ ಚಿಟಿಕೆ ಸೋಡಿಯಂ ಥಯೋಸಲ್ಫೇಟ್ ಇರಬೇಕು. ನೀರಿನಲ್ಲಿರುವ ಕ್ಲೋರಿನ್ನನ್ನು ಅದು ಅಲ್ಲಿಗಲ್ಲಿಗೇ ತಟಸ್ಥಗೊಳಿಸುತ್ತದೆ, ಇಲ್ಲದಿದ್ದರೆ ಪ್ರಯೋಗಾಲಯದ ದಾರಿಯುದ್ದಕ್ಕೂ ಕೊಲ್ಲುವ ಕೆಲಸ ನಡೆದೇ ಇರುತ್ತದೆ. ಶೀಷೆಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೋಗಬೇಕು, 24 ಗಂಟೆಯೊಳಗೆ ತಲುಪಬೇಕು. ಪ್ರಯೋಗಾಲಯ ದೂರವಿದ್ದರೆ ಎಚ್2ಎಸ್ ಪಟ್ಟಿಯ ಶೀಷೆ ಇದೆ. ಕೆ.ಎಸ್. ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ, ಭಾರತದಲ್ಲೇ ಹುಟ್ಟಿದ ವಿಧಾನ ಅದು. ಮಲದ ಜೊತೆ ಬರುವ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಪಟ್ಟಿ ಕಪ್ಪಾಗುತ್ತದೆ. ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದೆರಡು ದಿನದಲ್ಲಿ ಉತ್ತರ. ಶಾಲೆಯ ಮಕ್ಕಳೂ ಓದಬಲ್ಲ ಉತ್ತರ.

ನೀರಿಗಿಂತ ಬೇಗ ಉತ್ತರ ಕೊಡುವುದು ಒಂದು ಹಾಳೆ. ಆಶಾ ಕಾರ್ಯಕರ್ತೆಗೆ ಊರಿನ ಪ್ರತಿ ಮನೆ ಗೊತ್ತು. ಬೀದಿಗಳ ನಕ್ಷೆ ಬರೆದು, ಕಾಯಿಲೆ ಬಿದ್ದ ಮನೆಗೆ ಚುಕ್ಕಿ ಇಟ್ಟು, ಮೊದಲ ವಾಂತಿ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆದರೆ ಸಾಕು. ಕೊಳವೆಯ ಗೆರೆಯನ್ನು ಅದರ ಮೇಲೆ ಎಳೆದರೆ ಬಿರುಕು ಎಲ್ಲಿದೆಯೆಂದು ಚುಕ್ಕಿಗಳೇ ತೋರಿಸುತ್ತವೆ. ತೊಂದರೆ ಇರುವುದು ಆ ಕೊಳವೆಯ ಗೆರೆಯಲ್ಲಿ. ಕೊಳವೆ ಎಲ್ಲಿ ಹೋಗಿದೆ ಎಂಬ ನಕ್ಷೆ ಎಷ್ಟೋ ಪಂಚಾಯಿತಿಗಳಲ್ಲಿ ನೀರುಗಂಟಿಯ ತಲೆಯೊಳಗೆ ಮಾತ್ರ ಇರುತ್ತದೆ. ಅವನನ್ನೇ ನಾವು ಮೊದಲ ದಿನ ಅಮಾನತು ಮಾಡುತ್ತೇವೆ.

ನೀರು ನಿಲ್ಲಿಸಬೇಕೇ, ಬಿಡಬೇಕೇ ಎಂಬುದು ಕಾಣುವಷ್ಟು ಸುಲಭದ ತೀರ್ಮಾನವಲ್ಲ. ಇಡೀ ಊರಿಗೆ ನಿಲ್ಲಿಸಿದರೆ ಒತ್ತಡ ಬಿದ್ದು ಕೊಳಚೆ ಇನ್ನಷ್ಟು ನುಸುಳುತ್ತದೆ. ಕೆಟ್ಟ ಬೀದಿಯನ್ನು ಮಾತ್ರ ವಾಲ್ವಿನಿಂದ ಬೇರ್ಪಡಿಸಿ ಉಳಿದೆಡೆ ಒತ್ತಡ ಉಳಿಸಿಕೊಳ್ಳುವುದು ಸರಿ. ಅದಕ್ಕೆ ಬೀದಿಗೊಂದು ವಾಲ್ವ್ ಇರಬೇಕು, ಅದು ತಿರುಗಬೇಕು. ದುರಸ್ತಿಯಾದ ಮೇಲೆ ಎತ್ತರದ ಕಡೆಯಿಂದ ನೀರು ರಭಸವಾಗಿ ಬಿಟ್ಟು ತಗ್ಗಿನ ತುದಿಯಲ್ಲಿ ಹೊರಚೆಲ್ಲಬೇಕು. ನಂತರ ಲೀಟರಿಗೆ 25 ಮಿಲಿಗ್ರಾಂನಷ್ಟು ಗಟ್ಟಿ ಕ್ಲೋರಿನ್ ನೀರನ್ನು ಒಂದು ಇಡೀ ದಿನ ಕೊಳವೆಯಲ್ಲಿ ನಿಲ್ಲಿಸಿ, ಚೆಲ್ಲಿ, ಒಂದು ದಿನದ ಅಂತರದಲ್ಲಿ ತೆಗೆದ ಎರಡು ಮಾದರಿಗಳೂ ಶುದ್ಧವೆಂದು ಬಂದ ಮೇಲೆ ಕುಡಿಯಲು ಬಿಡಬೇಕು. ಮನೆಗಳ ಸಂಪು, ಮಾಳಿಗೆಯ ಸಿಂಟೆಕ್ಸು ತೊಳೆಯದಿದ್ದರೆ ಇಷ್ಟು ಮಾಡಿದ್ದೂ ದಂಡ. ಕೊಳವೆ ಶುದ್ಧವಾಗಿ ವಾರವಾದರೂ ಹಳೆಯ ನೀರು ಅಲ್ಲೇ ಕುಳಿತಿರುತ್ತದೆ. ಕಟ್ಟಿಕೊಂಡ ಒಳಚರಂಡಿಯ ಮ್ಯಾನ್‌ಹೋಲಿಗೆ ಯಾರನ್ನೂ ಇಳಿಸಕೂಡದು. ರಕ್ಷಣಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ಕಾನೂನು 2013ರಿಂದಲೇ ನಿಷೇಧಿಸಿದೆ, ಒಳಗಿನ ಹೈಡ್ರೋಜನ್ ಸಲ್ಫೈಡ್ ಅದಕ್ಕಿಂತ ಎಷ್ಟೋ ಮೊದಲಿನಿಂದ ಕೊಲ್ಲುತ್ತಿದೆ.

ಈ ನಡುವೆ ಮನೆಯೊಳಗೆ ಮಾಡಬೇಕಾದದ್ದು ಎರಡೇ. ನೀರು ಮರಳುವಂತೆ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸುವುದು. ಭೇದಿ ಶುರುವಾದವರಿಗೆ ತಡಮಾಡದೆ ಓಆರ್‌ಎಸ್ ಕೊಡುವುದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಾಲರಾ ಜೋರಾದವರ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಲ್ಲದು. ತಾಲ್ಲೂಕು ಆಸ್ಪತ್ರೆಗೆ ಗಾಡಿ ಸಿಗುವ ಹೊತ್ತಿಗೆ ಆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂದು ಯೋಚಿಸಿ.

ವಾರ ಕಳೆದು ವಾಂತಿಭೇದಿ ಇಳಿದಾಗ ಊರು ನಿಟ್ಟುಸಿರು ಬಿಡುತ್ತದೆ. ತಾತ್ಕಾಲಿಕ ಕ್ಲಿನಿಕ್ ಎತ್ತುತ್ತಾರೆ. ನನ್ನ ಆತಂಕ ಹೆಚ್ಚುವುದು ಇಲ್ಲಿಂದ ಮುಂದೆ. ಅದೇ ಲೋಟದಲ್ಲಿ ಕುಡಿದ ಟೈಫಾಯ್ಡ್ ತಲೆಯೆತ್ತಲು ಒಂದೆರಡು ವಾರ ಬೇಕು. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳಿಗೆ ಎರಡರಿಂದ ಏಳೆಂಟು ವಾರ. ಹೆಪಟೈಟಿಸ್ ಇ ತುಂಬು ಬಸುರಿಯರಿಗೆ ವಿಶೇಷವಾಗಿ ಮಾರಕ. ಕೊನೆಯ ತಿಂಗಳುಗಳಲ್ಲಿ ತಗಲಿದವರಲ್ಲಿ ಐವರಲ್ಲಿ ಒಬ್ಬರವರೆಗೆ ಸಾಯುವುದುಂಟು. ಕೊಳಚೆ ಸೇರಿದ ದಿನ ಊರಿನಲ್ಲಿದ್ದ ಬಸುರಿಯರ ಹೆಸರು ಬರೆದಿಟ್ಟುಕೊಂಡು ಎರಡು ತಿಂಗಳು ವಿಚಾರಿಸುತ್ತಿರಬೇಕು. ಕಣ್ಣು ಹಳದಿಯಾದಾಗ, ಅದಕ್ಕೂ ಆ ಮೇ ತಿಂಗಳ ನೀರಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆದಿರುವುದಿಲ್ಲ.

ವೈರಸ್‌ಗೆ ಕ್ಲೋರಿನ್ ಎಷ್ಟರಮಟ್ಟಿಗೆ ಮದ್ದು ಎಂಬುದಕ್ಕೆ ನಮ್ಮದೇ ಪಾಠವಿದೆ. 1955ರಲ್ಲಿ ದೆಹಲಿಯ ವಜೀರಾಬಾದ್ ನೀರೆತ್ತುವ ಘಟಕದ ಬಳಿ ಯಮುನೆಗೆ ನಗರದ ಕೊಳಚೆ ಹಿಮ್ಮುಖವಾಗಿ ನುಗ್ಗಿತು. ಸಿಬ್ಬಂದಿ ಅದನ್ನು ಗಮನಿಸಿ ಆಲಂ, ಕ್ಲೋರಿನ್ ಎರಡನ್ನೂ ಹೆಚ್ಚಿಸಿದರು. ಟೈಫಾಯ್ಡ್ ಹೆಚ್ಚಲಿಲ್ಲ, ಆಮಶಂಕೆ ಹೆಚ್ಚಲಿಲ್ಲ. ಗೆದ್ದೆವು ಎನ್ನುವಷ್ಟರಲ್ಲಿ, ವಾರಗಳು ಕಳೆದ ಮೇಲೆ, ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂದು ಗುರುತಾಗಲು ದಶಕಗಳು ಬೇಕಾದವು.

ಇನ್ನೂ ನಿಧಾನವಾದ ಇನ್ನೊಂದು ದಾರಿ ನೆಲದಡಿಯದು. ಶೌಚದ ಗುಂಡಿಗೂ ಬಾವಿಗೂ ಇಂತಿಷ್ಟು ಮೀಟರ್ ಅಂತರವಿರಲಿ ಎಂಬ ನಿಯಮದ ಹಿಂದಿರುವುದು ಮಣ್ಣು ಸೋಸುತ್ತದೆ ಎಂಬ ನಂಬಿಕೆ. ಮಣ್ಣು ಸೋಸುವುದು ನಿಜ. ಆದರೆ ಕರ್ನಾಟಕದ ಬಹುಭಾಗದ ಕೆಳಗಿರುವುದು ಗ್ರಾನೈಟ್, ನೈಸ್‌ನಂಥ ಗಟ್ಟಿಬಂಡೆ. ಮೇಲಿನ ಮಣ್ಣು ದಾಟಿದ ನೀರು ಅಲ್ಲಿ ಬಿರುಕುಗಳಲ್ಲಿ ಹರಿಯುತ್ತದೆ. ಬಿರುಕು ಏನನ್ನೂ ಸೋಸುವುದಿಲ್ಲ. ಅದು ಯಾವ ದಿಕ್ಕಿಗೆ ಹೋಗಿದೆಯೋ, ಹತ್ತು ಮೀಟರೋ ನೂರೋ, ಮೇಲೆ ನಿಂತವರಿಗೆ ಕಾಣುವುದಿಲ್ಲ.

ಆದರೂ ಇದಕ್ಕೊಂದು ಮುನ್ಸೂಚನೆ ಇದೆ, ಅಗ್ಗವಾದದ್ದು. ಕೊಳಚೆಯ ನೈಟ್ರೋಜನ್ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ, ನೈಟ್ರೇಟ್ ನೀರಿನಲ್ಲಿ ಸಲೀಸಾಗಿ ಸಾಗುತ್ತದೆ. ಗೊಬ್ಬರದಿಂದಲೂ ಬರುವುದರಿಂದ ಒಂದೇ ಅಂಕಿ ನೋಡಿ ತೀರ್ಪು ಕೊಡಲಾಗದು. ಆದರೆ ಊರೊಳಗಿನ ಕೊಳವೆಬಾವಿಯಲ್ಲಿ ನೈಟ್ರೇಟೂ ಕ್ಲೋರೈಡೂ ಜೊತೆಜೊತೆಗೆ ವರ್ಷ ವರ್ಷ ಏರುತ್ತಿದ್ದು, ಊರಾಚೆಯ ಹೊಲದ ಬಾವಿಯಲ್ಲಿ ಏರದಿದ್ದರೆ, ಕೊಳಚೆಗೆ ಬಾವಿಯ ದಾರಿ ಸಿಕ್ಕಿದೆ ಎಂದು ಅನುಮಾನಿಸಬೇಕು. ನೈಟ್ರೇಟಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. 20 ಇದ್ದದ್ದು 40 ಆದಾಗ ವರದಿಯಲ್ಲಿ ಎರಡೂ ಸಲ ‘ಮಿತಿಯೊಳಗಿದೆ’ ಎಂದೇ ಬರುತ್ತದೆ. ಅಳೆದದ್ದನ್ನು ಮಿತಿಗೆ ಹೋಲಿಸುತ್ತೇವೆ, ಹೋದ ವರ್ಷದ ಅಂಕಿಗೆ ಹೋಲಿಸುವುದಿಲ್ಲ.

ಇಷ್ಟನ್ನೂ ಈಗ ಹೇಳಲು ಕಾರಣವಿದೆ. 2019ರ ಆಗಸ್ಟಿನಲ್ಲಿ ಜಲ ಜೀವನ್ ಮಿಷನ್ ಶುರುವಾದಾಗ ದೇಶದ 3.23 ಕೋಟಿ ಗ್ರಾಮೀಣ ಮನೆಗಳಲ್ಲಿ ನಲ್ಲಿ ಇತ್ತು. ಈಗ ಅದು 15 ಕೋಟಿ ದಾಟಿದೆ. ಹೆಂಗಸರ ತಲೆಯ ಮೇಲಿನ ಕೊಡ ಇಳಿದದ್ದು ಸಣ್ಣ ಸಂಗತಿಯಲ್ಲ, ಅದನ್ನು ಹೀಗಳೆಯುವವನು ನಾನಲ್ಲ. ಆದರೆ ಯೋಜನೆಯ ಗುರಿಯಂತೆ ತಲೆಗೆ ದಿನಕ್ಕೆ 55 ಲೀಟರ್ ಬಂದರೆ, 2,000 ಜನರ ಊರಿಗೆ 1,10,000 ಲೀಟರ್ ಒಳಬರುತ್ತದೆ. ಬಳಸಿದ ನೀರಿನ ಶೇ 80ರಷ್ಟು ಹೊರಬೀಳುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ: ದಿನಕ್ಕೆ 88,000 ಲೀಟರ್ ಬಚ್ಚಲು, ಶೌಚದ ನೀರು. ಕೊಡದಲ್ಲಿ ಹೊತ್ತು ತಂದ ಕಾಲದಲ್ಲಿ ಇದರ ಸಣ್ಣ ಪಾಲು ಮಾತ್ರ ಹಿತ್ತಲಿನ ಬಾಳೆಗೆ ಹೋಗಿ ಇಂಗುತ್ತಿತ್ತು. ಈಗ ಹಿತ್ತಲಿನ ಬಾಳೆಗೆ ಅಷ್ಟು ದಾಹವಿಲ್ಲ. ನೀರು ತರುವ ಕೊಳವೆ ಹಾಕಲು ಬೀದಿ ಅಗೆದಾಗ, ಗಟ್ಟಿ ಕಾಂಕ್ರೀಟ್ ಒಡೆಯುವ ಖರ್ಚು ಉಳಿಸಲು ಚರಂಡಿಯ ಅಂಚಿನಲ್ಲೇ ಮೇಲುಮೇಲಕ್ಕೆ ಹೂತಿರುವುದನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ. ಕುಡಿಯುವ ನೀರಿನ ಕೊಳವೆ ಚರಂಡಿಗಿಂತ ಮೇಲೆ, ಅದರಿಂದ ದೂರ ಇರಬೇಕೆಂಬುದು ಪಠ್ಯಪುಸ್ತಕದ ಮೊದಲ ಪಾಠ. ನಲ್ಲಿಗಳು ಹೆಚ್ಚಿದಷ್ಟೂ ಕೀಲುಗಳು ಹೆಚ್ಚು, ಕೀಲುಗಳು ಹೆಚ್ಚಿದಷ್ಟೂ ಬಿರುಕುಗಳು ಹೆಚ್ಚು, ನಲ್ಲಿಯಿಂದ ಬಂದದ್ದು ಹೊರಗೆ ಹರಿದಷ್ಟೂ ಆ ಬಿರುಕುಗಳನ್ನು ಮುಳುಗಿಸುವ ಕೊಳಚೆ ಹೆಚ್ಚು. ಹೊಸ ಕೊಳವೆಗಳ ರಬ್ಬರ್ ಉಂಗುರಗಳು ಇನ್ನೂ ಬಿಗಿಯಾಗಿವೆ. ಅವು ಸಡಿಲವಾಗುವ ವರ್ಷಗಳು ಮುಂದಿವೆ.

ಬೀದಿಗಳನ್ನು ಮತ್ತೆ ಅಗೆದು ಎಲ್ಲವನ್ನೂ ಸರಿಪಡಿಸುವ ಹಣ ಯಾವ ಪಂಚಾಯಿತಿಯಲ್ಲೂ ಇಲ್ಲ. ಆದರೆ ದಿನಕ್ಕೆರಡು ಬಾರಿ ಸ್ವಲ್ಪಸ್ವಲ್ಪ ನೀರು ಬಿಟ್ಟು ಕೊಳವೆ ಖಾಲಿ ಬೀಳುವ ಹೊತ್ತನ್ನು ಕಡಿಮೆ ಮಾಡಬಹುದು. ಚರಂಡಿಯ ಹೂಳನ್ನು ಏಪ್ರಿಲ್ಲಿನಲ್ಲೇ ತೆಗೆಯಬಹುದು, ಜುಲೈನಲ್ಲಲ್ಲ. ನೀರುಗಂಟಿಯನ್ನು ಕೂರಿಸಿಕೊಂಡು ಕೊಳವೆಗಳ ನಕ್ಷೆಯನ್ನು ಒಮ್ಮೆ ಕಾಗದಕ್ಕೆ ಇಳಿಸಬಹುದು. ಥಯೋಸಲ್ಫೇಟ್ ಹಾಕಿದ ಎಂಟು ಶೀಷೆ, ಒಂದು ಮಂಜುಗಡ್ಡೆ ಪೆಟ್ಟಿಗೆ, ಎಚ್2ಎಸ್ ಪಟ್ಟಿಗಳು ಪಂಚಾಯಿತಿ ಕಚೇರಿಯ ಬೀರುವಿನಲ್ಲಿ ಸಿದ್ಧವಿರಬಹುದು.

ಇಂಥ ಒಂದು ಬೀರು ನೋಡಿದ್ದೇನೆ. ಶೀಷೆಗಳು ಇದ್ದವು, ಪ್ಲಾಸ್ಟಿಕ್ ಹಾಳೆ ಸುತ್ತಿ, ಕೊಟ್ಟವರು ಕೊಟ್ಟ ಹಾಗೆಯೇ. ಭಾನುವಾರ ರಾತ್ರಿ ಕಾಯಿಲೆ ಶುರುವಾದರೆ ಬೀಗದಕೈ ಯಾರ ಹತ್ತಿರ ಸಿಗುತ್ತದೆ ಎಂದು ಕೇಳಿದೆ. ಅಲ್ಲಿದ್ದ ಮೂವರು ಒಬ್ಬರ ಮುಖ ಒಬ್ಬರು ನೋಡಿದರು. ಬ್ಲೀಚಿಂಗ್ ಪೌಡರಿನ ಚೀಲ ಮಾತ್ರ ಹೊರಗೆ ವರಾಂಡದಲ್ಲಿ, ಬಾಯಿ ತೆರೆದೇ, ಎಲ್ಲರ ಕೈಗೂ ಸಿಗುವಂತೆ ಇತ್ತು.